ಅಂತರಜಾಲದ ಪೇಟೆಯಲ್ಲಿ ಮರಗೆಲಸದ ಅಂಗಡಿ

ಗೋವೆಯಲ್ಲಿ ಮರಗೆಲಸದ ಪರಂಪರೆ ಬಹಳ ಹಳೆಯದು. ಚಾಂದೋರ್ ಗ್ರಾಮದ ಬ್ರಗಾಂಝಾ ಮನೆತನದ ದೊಡ್ಡ ಮನೆಯಲ್ಲಿ ಇಂದಿಗೂ ಕಾಣಸಿಗುವ ಕೆತ್ತನೆಯ ಪೀಠೋಪಕರಣಗಳು ಇದಕ್ಕೆ ಸಾಕ್ಷಿ. ನಾವು ದಿನವೂ ಆಡುವ ‘ಅಲಮಾರು’, ‘ಚಾವಿ’, ‘ಮೇಸ್ತ್ರಿ’ ಎಂಬ ಮಾತುಗಳು ಪೋರ್ಚುಗೀಸ್ ಮೂಲದವು. ಇಂತಹ ನಾಡಿನಲ್ಲಿ ಕೆಲಸ ಬಲ್ಲ ಬಡಗಿಗೆ ಗಿರಾಕಿಗಳ ಕೊರತೆ ಇರಬಾರದು. ಆದರೆ ಇಂದು ಅನೇಕರು ಪೇಟೆಗೆ ಹೊರಡುವ ಮೊದಲು ಕೈಯಲ್ಲಿರುವ ಫೋನನ್ನು ಕೇಳುತ್ತಾರೆ. ಅಲ್ಲಿ ಕಾಣದ ಅಂಗಡಿ ಅವರ ಪಾಲಿಗೆ ಇಲ್ಲದ ಅಂಗಡಿಯೇ ಸರಿ. ನಮ್ಮ ಮಕ್ಕಳ ಎಷ್ಟೋ ಮನೆಗಳಲ್ಲಿ ಕೈಕಸುಬೇ ಜೀವನಾಧಾರವಾದ್ದರಿಂದ ಈ ವಿಷಯವನ್ನು ನಾವು ಅರಿಯುವುದು ಅವಶ್ಯ.

ಮೊದಲು ಶೋಧಯಂತ್ರವೆಂದರೇನು ಎಂಬುದನ್ನು ನೋಡೋಣ. ಅದರ ಕೆಲಸ ಮೂರು ಹಂತಗಳಲ್ಲಿ ನಡೆಯುತ್ತದೆ. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿ ಹಿಡಿದು ಸಾಗಿ, ಕಂಡದ್ದನ್ನೆಲ್ಲ ಓದಿಕೊಳ್ಳುವುದು ಮೊದಲನೆಯದು. ಪಠ್ಯಪುಸ್ತಕದ ಕೊನೆಯ ಪದಸೂಚಿಯಂತೆ, ಯಾವ ಮಾತು ಯಾವ ಪುಟದಲ್ಲಿದೆ ಎಂದು ಪಟ್ಟಿ ಮಾಡುವುದು ಎರಡನೆಯದು. ಯಾರಾದರೂ ಪ್ರಶ್ನೆ ಕೇಳಿದಾಗ ಹೆಚ್ಚು ಉಪಯುಕ್ತವಾದ ಪುಟಗಳನ್ನು ಮೇಲಿಟ್ಟು ತೋರಿಸುವುದು ಮೂರನೆಯದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ 1998ರಲ್ಲಿ ಗೂಗಲ್ ಸಂಸ್ಥೆಯನ್ನು ಆರಂಭಿಸಿದರು. ಒಂದು ಪುಟದ ಕಡೆಗೆ ಬೇರೆ ಎಷ್ಟು ಪುಟಗಳು ಬೆರಳು ತೋರಿಸುತ್ತವೆ, ಹಾಗೆ ತೋರಿಸುವವರ ಯೋಗ್ಯತೆ ಎಷ್ಟು ಎಂಬುದನ್ನು ಅವರು ಲೆಕ್ಕಕ್ಕೆ ತಂದರು. ಊರಿನಲ್ಲಿ ನಾಲ್ಕು ಜನ ತಿಳಿದವರು ಹೊಗಳಿದ ವೈದ್ಯರ ಬಳಿಗೆ ನಾವು ಹೋಗುವುದಿಲ್ಲವೇ? ಇದೂ ಹಾಗೆಯೇ.

ಈಗ ಮಡಗಾಂವಿನಲ್ಲಿ ಒಬ್ಬ ಬಡಗಿ ಅಂತರಜಾಲದಲ್ಲಿ ಹೊಸ ಅಂಗಡಿ ತೆರೆದನೆಂದು ಇಟ್ಟುಕೊಳ್ಳೋಣ. ಅವನು ಏನು ಮಾಡಬೇಕು?

ಮೊದಲನೆಯದಾಗಿ, ಗಿರಾಕಿ ಆಡುವ ಮಾತನ್ನು ಅರಿಯಬೇಕು. ‘ಅತ್ಯುತ್ತಮ ಪೀಠೋಪಕರಣ’ ಎಂದಷ್ಟೇ ಎಲ್ಲರೂ ಹುಡುಕುವುದಿಲ್ಲ. ‘ಚಿಕ್ಕ ಮನೆಗೆ ಮಡಚುವ ಮೇಜು’ ಎಂದು ಹುಡುಕುವವರಿದ್ದಾರೆ. ಅಂಥವರನ್ನು ಗೆಲ್ಲುವುದು ಹೊಸ ಅಂಗಡಿಗೂ ಸಾಧ್ಯ. ಗೋವೆಯಲ್ಲಿ ಒಂದೇ ವಸ್ತುವನ್ನು ಕೊಂಕಣಿ, ಮರಾಠಿ, ಕನ್ನಡ, ಹಿಂದಿ, ಇಂಗ್ಲಿಷ್‌ಗಳಲ್ಲಿ ಕೇಳುವವರಿರುವುದರಿಂದ ಭಾಷೆಯ ಅರಿವು ಇಲ್ಲಿ ಬಂಡವಾಳವೇ ಆಗಿದೆ.

ಎರಡನೆಯದಾಗಿ, ಪ್ರತಿ ವಸ್ತುವಿಗೂ ಪ್ರತ್ಯೇಕ ಪುಟ ಬೇಕು. ಅದರಲ್ಲಿ ಮರದ ಜಾತಿ, ಉದ್ದಗಲ, ತೂಕ, ಬೆಲೆ, ತಲುಪಿಸುವ ಊರುಗಳು ಇವೆಲ್ಲ ಸ್ಪಷ್ಟವಾಗಿರಬೇಕು. ಮಳೆಗಾಲದ ತೇವಕ್ಕೆ ಮರ ಉಬ್ಬಿ ಬಾಗಿಲು ಬಿಗಿಯಾಗುವುದೇಕೆ, ಗೆದ್ದಲಿನಿಂದ ಮಂಚವನ್ನು ಕಾಪಾಡುವುದು ಹೇಗೆ ಎಂದು ಬಡಗಿ ತನ್ನ ಅನುಭವದಿಂದ ಬರೆದರೆ ಅದನ್ನು ಓದುವವರಿದ್ದಾರೆ, ಇತರರಿಗೆ ತೋರಿಸುವವರೂ ಇದ್ದಾರೆ. ಚಿತ್ರಗಳು ಹಗುರವಾಗಿರಲಿ, ಪುಟ ಫೋನಿನಲ್ಲಿ ಬೇಗ ತೆರೆಯಲಿ. ಚಿತ್ರದಲ್ಲೇನಿದೆ ಎಂದು ಮಾತಿನಲ್ಲಿಯೂ ಬರೆದಿಟ್ಟರೆ ಯಂತ್ರಕ್ಕೂ ಕಣ್ಣು ಕಾಣದವರಿಗೂ ಉಪಕಾರವಾಗುತ್ತದೆ.

ಮೂರನೆಯದಾಗಿ, ನಕ್ಷೆಯಲ್ಲಿ ಅಂಗಡಿಯ ವಿಳಾಸ, ವೇಳೆ, ದೂರವಾಣಿ ಸಂಖ್ಯೆ ಸರಿಯಾಗಿ ದಾಖಲಾಗಿರಬೇಕು. ಹತ್ತಿರದ ಅಂಗಡಿಯನ್ನು ಹುಡುಕುವವರಿಗೆ ಇದರಿಂದಲೇ ದಾರಿ ಸಿಗುತ್ತದೆ.

ಇನ್ನು ಮಾಡಬಾರದ ಕೆಲಸಗಳು. ಕೆಲವರು ಒಂದೇ ಪದವನ್ನು ನೂರು ಸಲ ತುಂಬುತ್ತಾರೆ, ಹಣ ಕೊಟ್ಟು ಕೊಂಡಿಗಳನ್ನು ಕೊಳ್ಳುತ್ತಾರೆ, ಬೇರೆಯವರ ಬರಹವನ್ನು ನಕಲು ಮಾಡುತ್ತಾರೆ. ಸತ್ವವಿಲ್ಲದ ಪುಟಗಳನ್ನು ಕೆಳಗಿಳಿಸಲು 2011ರಲ್ಲಿ ‘ಪಾಂಡಾ’, ಕೃತಕ ಕೊಂಡಿಗಳನ್ನು ಹತ್ತಿಕ್ಕಲು 2012ರಲ್ಲಿ ‘ಪೆಂಗ್ವಿನ್’ ಎಂಬ ಮಾರ್ಪಾಡುಗಳನ್ನು ಗೂಗಲ್ ತಂದಿತು. ಹೀಗೆ ಕೆಳಗಿಳಿದ ಅಂಗಡಿ ಮತ್ತೆ ಮೇಲೇಳುವುದು ಕಷ್ಟ. ತಂದೆಯ ಅಂಗಡಿಗೆ ಮಕ್ಕಳೇ ಗಿರಾಕಿಗಳ ಹೆಸರಿನಲ್ಲಿ ಮೆಚ್ಚುಗೆ ಬರೆಯುವುದು ಚಿಕ್ಕ ತಮಾಷೆಯೆಂದು ತೋರಬಹುದು. ಆದರೆ ಮಾರುವವನು ತಾನೇ ಗ್ರಾಹಕನೆಂದು ನಟಿಸಿ ಅಭಿಪ್ರಾಯ ಬರೆಯುವುದನ್ನು ನಮ್ಮ ದೇಶದ 2020ರ ಇ-ವಾಣಿಜ್ಯ ನಿಯಮಗಳು ನಿಷೇಧಿಸಿವೆ. ಆ ಸುಳ್ಳನ್ನು ನಂಬಿ ದುಡಿದ ಹಣ ಕಳೆದುಕೊಳ್ಳುವವರು ನಮ್ಮಂಥ ಇನ್ನೊಂದು ಮನೆಯವರೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಪಾಲಕರಿಗೆ ಎರಡು ಮಾತು. ‘ಒಂದೇ ವಾರದಲ್ಲಿ ಮೊದಲ ಸ್ಥಾನ ಕೊಡಿಸುತ್ತೇವೆ’ ಎಂದು ಹಣ ಕೇಳುವವರನ್ನು ನಂಬಬೇಡಿ. ಜಾಹೀರಾತಿಗೆ ಕೊಟ್ಟ ಹಣದಿಂದ ಜಾಹೀರಾತಿನ ಜಾಗ ದೊರೆಯುತ್ತದೆಯೇ ಹೊರತು ಸಹಜ ಫಲಿತಾಂಶಗಳಲ್ಲಿ ಮೇಲಿನ ಸ್ಥಾನ ದೊರೆಯುವುದಿಲ್ಲ. ಹೊಸ ಅಂಗಡಿ ಮೇಲೆ ಬರಲು ಸಾಮಾನ್ಯವಾಗಿ ಹಲವು ತಿಂಗಳುಗಳೇ ಬೇಕು. ತಾಳಿದವನು ಬಾಳಿಯಾನು.

ವಿದ್ಯಾರ್ಥಿಗಳೇ, ರಜೆಯಲ್ಲಿ ಒಂದು ಅಭ್ಯಾಸ ಮಾಡಿರಿ. ನಿಮ್ಮ ಮನೆಯ ಒಂದು ಕುರ್ಚಿಯನ್ನೋ ಪೆಟ್ಟಿಗೆಯನ್ನೋ ಆರಿಸಿಕೊಂಡು, ಅಳತೆ ಹಿಡಿದು, ಹಿರಿಯರಿಂದ ಮರದ ಹೆಸರು ಕೇಳಿ, ಅದರ ಗುಣವನ್ನೂ ದೋಷವನ್ನೂ ಹತ್ತು ಕನ್ನಡ ವಾಕ್ಯಗಳಲ್ಲಿ ಬರೆಯಿರಿ. ಆ ವಸ್ತುವನ್ನು ಎಂದೂ ನೋಡದವನಿಗೆ ಅದು ಕಣ್ಣಿಗೆ ಕಟ್ಟಬೇಕು. ಯಾವ ಶೋಧಯಂತ್ರವಾದರೂ ಬರೆದಿಟ್ಟದ್ದನ್ನೇ ಹುಡುಕಿ ಕೊಡಬೇಕಷ್ಟೆ. ಬರೆಯುವ ಕೆಲಸ ನಮ್ಮದು.