ಗಡಿಠಾಣ್ಯಗಳ ಫ್ರೆಂಚ್ ಮನೆತನಗಳು: ವಂಶಾವಳಿ ಹುಡುಕುವ ಬಗೆ

ಕ್ವೆಬೆಕ್‌ನಿಂದ ಮಿಸಿಸಿಪ್ಪಿ ನದಿಯವರೆಗೆ ಚಾಚಿದ್ದ ಫ್ರೆಂಚ್ ವಸಾಹತಿಗೆ ನ್ಯೂ ಫ್ರಾನ್ಸ್ ಎಂದು ಹೆಸರು. ಡೆಟ್ರಾಯಿಟ್, ಮಿಶಿಲಿಮ್ಯಾಕಿನಾಕ್, ಕಹೋಕಿಯಾ, ಕಸ್ಕಾಸ್ಕಿಯಾ ಅದರ ಅಂಚಿನ ಊರುಗಳು. ತುಪ್ಪಳದ ವ್ಯಾಪಾರಕ್ಕೆಂದು ಅಲ್ಲಿಗೆ ಹೋಗಿ ನೆಲೆಸಿದ ಕುಟುಂಬಗಳ ವಂಶವನ್ನು ಮುನ್ನೂರು ವರ್ಷ ಹಿಂದಕ್ಕೆ ಹುಡುಕಬಹುದಾದರೆ ಅದಕ್ಕೆ ಮುಖ್ಯ ಕಾರಣ ಪಾದ್ರಿಗಳ ದಫ್ತರ. ಕಾಡಿನ ನಡುವಿನ ಪ್ರಾರ್ಥನಾಲಯದಲ್ಲೂ ಜ್ಞಾನಸ್ನಾನ, ಮದುವೆ, ಸಮಾಧಿಗಳು ದಾಖಲಾಗುತ್ತಿದ್ದವು. 1679ರಿಂದ ವಸಾಹತಿನಲ್ಲಿ ಇವನ್ನು ಎರಡು ಪ್ರತಿಗಳಲ್ಲಿ ಬರೆದಿಡುವ ಪದ್ಧತಿ ಬಂತು.

ಹುಡುಕಾಟ ಶುರುವಾಗಬೇಕಾದದ್ದು ತೀರಾ ಈಚಿನ ತಲೆಮಾರಿನಿಂದ. ಪ್ರಸಿದ್ಧ ಪೂರ್ವಜನೊಬ್ಬನನ್ನು ಮೊದಲೇ ಗೊತ್ತುಮಾಡಿಕೊಂಡು ಅವನಿಂದ ಕೆಳಗಿಳಿದು ಬಂದರೆ ಬೇಕಾದ ಕೊಂಡಿಗಳೆಲ್ಲ ಸುಲಭವಾಗಿ ‘ಸಿಕ್ಕಿಬಿಡುತ್ತವೆ’. ಹಾಗಾಗಿ ಮೊದಲು 19ನೇ ಶತಮಾನದ ಅಮೆರಿಕ ಅಥವಾ ಕೆನಡಾದ ಜನಗಣತಿ, ಮದುವೆ ಪತ್ರ, ಜಮೀನಿನ ದಾಖಲೆ ನೋಡಬೇಕು. ಡೆಟ್ರಾಯಿಟ್ 1796ರಲ್ಲಿ ಬ್ರಿಟಿಷರಿಂದ ಅಮೆರಿಕದ ಕೈಗೆ ಬಂದ ಮೇಲೆ ಹಳೆಯ ಫ್ರೆಂಚ್ ರೈತರು ತಮ್ಮ ಹೊಲದ ಹಕ್ಕನ್ನು ಭೂ ಆಯುಕ್ತರ ಮುಂದೆ ಸಾಬೀತುಪಡಿಸಬೇಕಾಯಿತು. ಆ ಅರ್ಜಿಗಳು ‘ಅಮೆರಿಕನ್ ಸ್ಟೇಟ್ ಪೇಪರ್ಸ್’ ಸಂಪುಟಗಳಲ್ಲಿ ಅಚ್ಚಾಗಿವೆ. ಇಂಗ್ಲಿಷ್ ಗುಮಾಸ್ತರು ಫ್ರೆಂಚ್ ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದರಿಂದ, ಕಾಗುಣಿತ ಬೇರೆಯಾಗಿದೆ ಎಂಬ ಒಂದೇ ಕಾರಣಕ್ಕೆ ಯಾವ ದಾಖಲೆಯನ್ನೂ ತಳ್ಳಿಹಾಕುವಂತಿಲ್ಲ.

ಹೆಸರಿನ ಗೋಜಲು ಕಾಗುಣಿತಕ್ಕೇ ಮುಗಿಯುವುದಿಲ್ಲ. ಅನೇಕರಿಗೆ ಮನೆತನದ ಹೆಸರಿನ ಜೊತೆ ‘ಡಿ’ ಎಂಬ ಪದ ಸೇರಿಸಿ ಇನ್ನೊಂದು ಹೆಸರಿರುತ್ತಿತ್ತು: ರೆನೆ ಬುರಾಸಾ ಡಿ ಲಾ ರಾಂಡ್ ಎಂಬಂತೆ. ಅದು ಸೈನ್ಯದಲ್ಲಿ ಬಂದದ್ದಿರಬಹುದು, ಊರಿನದ್ದಿರಬಹುದು. ಒಬ್ಬ ಮಗ ಮೊದಲ ಹೆಸರನ್ನು, ಇನ್ನೊಬ್ಬ ಎರಡನೆಯದನ್ನು ಉಳಿಸಿಕೊಂಡದ್ದೂ ಉಂಟು. ಆದ್ದರಿಂದ ಎರಡೂ ಹೆಸರಿನಡಿ ಹುಡುಕಬೇಕು. ಹೆಂಗಸರ ವಿಷಯದಲ್ಲಿ ಮಾತ್ರ ಕೆಲಸ ಹಗುರ. ಫ್ರೆಂಚ್ ದಾಖಲೆಗಳಲ್ಲಿ ಅವರು ಸಾಯುವವರೆಗೂ ತವರಿನ ಹೆಸರಿನಲ್ಲೇ ಇರುತ್ತಾರೆ.

ಒಂದೇ ದಾಖಲೆ ನೋಡಲು ಸಮಯವಿದ್ದರೆ ಅದು ಮದುವೆಯದಾಗಿರಲಿ. ಸಾಮಾನ್ಯವಾಗಿ ಅದರಲ್ಲಿ ವಧೂವರರಿಬ್ಬರ ತಂದೆತಾಯಿಯರ ಹೆಸರು, ಅವರ ಧರ್ಮಕೇಂದ್ರ, ಸಾಕ್ಷಿಗಳು, ಸಾಕ್ಷಿಗಳಿಗೂ ವಧೂವರರಿಗೂ ಇರುವ ನಂಟು ಎಲ್ಲವೂ ಸಿಗುತ್ತವೆ. ಸಮೀಪದ ರಕ್ತಸಂಬಂಧವಿದ್ದಲ್ಲಿ ಚರ್ಚಿನ ವಿಶೇಷ ಅನುಮತಿಯ ಉಲ್ಲೇಖವಿರುತ್ತದೆ. ‘ಮೂರನೇ ದರ್ಜೆ’ ಎಂದಿದ್ದರೆ ಗಂಡು ಹೆಣ್ಣಿಬ್ಬರಿಗೂ ಮುತ್ತಜ್ಜ ಮುತ್ತಜ್ಜಿ ಒಬ್ಬರೇ ಎಂದು ತಿಳಿಯಬೇಕು. ಕಾಣೆಯಾದ ಕೊಂಡಿಯನ್ನು ಕೂಡಿಸಲು ಇದೊಂದು ಸಾಲು ಸಾಕಾಗುವುದುಂಟು. ತಿಂಗಳ ಹೆಸರು ಓದುವಾಗ ಎಚ್ಚರ ಬೇಕು. 7ರ ಅಂಕಿಗೆ ‘ಬ್ರ್’ ಸೇರಿಸಿ ಬರೆದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. 8 ಅಕ್ಟೋಬರ್, 9 ನವೆಂಬರ್, 10 ಡಿಸೆಂಬರ್.

ಯಾವ ದಫ್ತರ ಎಲ್ಲಿಂದ ಉಳಿದಿದೆ ಎಂಬುದೂ ಗೊತ್ತಿರಬೇಕು. ಡೆಟ್ರಾಯಿಟ್ ಸ್ಥಾಪನೆಯಾದದ್ದು 1701ರಲ್ಲಿ. ಆದರೆ 1703ರ ಬೆಂಕಿಯಲ್ಲಿ ಚರ್ಚು ಸುಟ್ಟುಹೋದದ್ದರಿಂದ ಸಂತ ಆ್ಯನ್ ಧರ್ಮಕೇಂದ್ರದ ದಾಖಲೆ ಸಿಗುವುದು 1704ರಿಂದ. ಮಿಶಿಲಿಮ್ಯಾಕಿನಾಕ್‌ನ ಜ್ಞಾನಸ್ನಾನಗಳು 1695ರಿಂದ, ಮದುವೆಗಳು 1725ರಿಂದ ಇವೆ. ಎರಡನ್ನೂ ವಿಸ್ಕಾನ್ಸಿನ್ ಐತಿಹಾಸಿಕ ಸಂಘ ಅಚ್ಚು ಹಾಕಿಸಿದೆ. ಕಸ್ಕಾಸ್ಕಿಯಾ ಊರು 1881ರ ಪ್ರವಾಹದಲ್ಲಿ ಮಿಸಿಸಿಪ್ಪಿಯ ಪಾಲಾಯಿತು. ಅಲ್ಲಿನ ನೋಟರಿ ಕಾಗದಪತ್ರಗಳು ಮಾತ್ರ ಇಲಿನಾಯ್‌ನ ಚೆಸ್ಟರ್ ಪಟ್ಟಣದ ನ್ಯಾಯಾಲಯದಲ್ಲಿ ಉಳಿದುಕೊಂಡಿವೆ.

ಮುಂದಿನ ಹೆಜ್ಜೆ ಈ ನೋಟರಿ ಪತ್ರಗಳೇ. ಚರ್ಚಿನ ದಾಖಲೆ ವಂಶದ ಎಲುಬುಗೂಡನ್ನು ಕೊಟ್ಟರೆ ಸಂಸಾರದ ವಿವರ ಇರುವುದು ಇವುಗಳಲ್ಲಿ. ಮದುವೆ ಕರಾರು, ಯಜಮಾನ ಸತ್ತಾಗ ಮಾಡಿದ ಸ್ವತ್ತಿನ ಪಟ್ಟಿ, ಅಪ್ರಾಪ್ತ ಮಕ್ಕಳಿಗೆ ಪೋಷಕರನ್ನು ನೇಮಿಸಿದ ಪತ್ರ, ಇವೆಲ್ಲ ಪ್ಯಾರಿಸ್ಸಿನ ಕಾನೂನುಕಟ್ಟಳೆಯ ಪ್ರಕಾರ ನಡೆಯುತ್ತಿದ್ದವು. ಪೋಷಕರ ಪತ್ರದಲ್ಲಿ ಚಿಕ್ಕಪ್ಪ, ಸೋದರಮಾವಂದಿರೆಲ್ಲ ಹೆಸರು ಸಮೇತ ಬರುತ್ತಾರೆ. ತುಪ್ಪಳದ ವರ್ತಕರ ದೋಣಿಗಳಿಗೆ ಹುಟ್ಟುಹಾಕಲು ಹೋದವರ ಕೆಲಸದ ಕರಾರುಗಳು ಮಾಂಟ್ರಿಯಲ್ ನೋಟರಿಗಳಲ್ಲಿವೆ. 1714ರಿಂದ 1830ರವರೆಗಿನ ಸುಮಾರು 35,000 ಕರಾರುಗಳ ಪಟ್ಟಿಯನ್ನು ಸಂತ ಬೋನಿಫಾಸ್‌ನ ಸಂಗ್ರಹಾಲಯ ಅಂತರಜಾಲದಲ್ಲಿ ಇಟ್ಟಿದೆ. ಯಾವ ಹಳ್ಳಿಯ ಹುಡುಗ ಯಾವ ಠಾಣ್ಯಕ್ಕೆ ಹೋದ ಎಂಬುದು ತಿಳಿಯುವುದು ಇಲ್ಲೇ.

ಮಿಶಿಲಿಮ್ಯಾಕಿನಾಕ್‌ನ ಲಾಂಗ್ಲಾಡ್ ಮನೆತನ ಇದಕ್ಕೆಲ್ಲ ಒಳ್ಳೆಯ ಉದಾಹರಣೆ. 1729ರಲ್ಲಿ ಅಲ್ಲಿ ಜ್ಞಾನಸ್ನಾನ ಪಡೆದ ಚಾರ್ಲ್ಸ್ ದ ಲಾಂಗ್ಲಾಡ್ 1754ರಲ್ಲಿ ಮೇಲೆ ಹೇಳಿದ ಬುರಾಸಾನ ಮಗಳು ಶಾರ್ಲಾಟ್‌ಳನ್ನು ಮದುವೆಯಾದ. ಅವನ ತಂದೆ ಆಗಸ್ಟಿನ್ ಟ್ರುವಾ ರಿವಿಯೇರ್‌ನವನು. ಆಗಸ್ಟಿನ್‌ನ ತಂದೆಯ ಹೆಸರೂ ತಾತನ ಹೆಸರೂ ಪಿಯೇರ್ ಮೂಎ. ತಾತ 1665ರಲ್ಲಿ ಬಂದ ಕರಿನ್ಯಾನ್ ಸಾಲಿಯೇರ್ ದಂಡಿನ ಅಧಿಕಾರಿ. ಇಬ್ಬರು ಪಿಯೇರ್‌ರನ್ನು ಒಬ್ಬನೆಂದು ಎಣಿಸಿದರೆ ಒಂದು ತಲೆಮಾರೇ ಬಿಟ್ಟುಹೋಗುತ್ತದೆ. ಪ್ರತಿಯೊಬ್ಬರಿಗೂ ಹೆಂಡತಿಯ ಹೆಸರು ಸೇರಿಸಿ ಗುರುತಿಸುವುದು ಇದಕ್ಕೆ ಮದ್ದು.

ನಿಜವಾಗಿ ಕಷ್ಟವಾಗುವುದು ತಾಯಿಯ ಕಡೆ. ಚಾರ್ಲ್ಸ್‌ನ ತಾಯಿ ಡೊಮಿಟಿಲ್ಡ್ ಒಡಾವಾ ಬುಡಕಟ್ಟಿನವಳು, ಮುಖ್ಯಸ್ಥ ನಿಸೊವಾಕೆಟ್‌ನ ಸಹೋದರಿ. ಪಾದ್ರಿ ಬರೆದದ್ದು ಅವಳ ಕ್ರೈಸ್ತ ಹೆಸರನ್ನು. ಸಹೋದರ ಪ್ರಸಿದ್ಧನಾಗಿದ್ದರಿಂದ ಅವಳ ಮನೆತನ ತಿಳಿದಿದೆ. ಮಿಕ್ಕ ಎಷ್ಟೋ ಮೂಲನಿವಾಸಿ ತಾಯಂದಿರು ‘ಆ ಬುಡಕಟ್ಟಿನ ಹೆಂಗಸು’ ಎಂದಷ್ಟೇ ದಾಖಲಾಗಿದ್ದಾರೆ. ‘ಪಾನಿ’ ಎಂದು ಬರೆದಿದ್ದರೆ ಆ ವ್ಯಕ್ತಿ ಗುಲಾಮಗಿರಿಯಲ್ಲಿದ್ದ ಮೂಲನಿವಾಸಿ. ಇಂಥಲ್ಲಿ ಜ್ಞಾನಸ್ನಾನದ ಸಾಕ್ಷಿಗಳನ್ನು, ಠಾಣ್ಯದ ವ್ಯಾಪಾರಿಗಳ ಲೆಕ್ಕಪುಸ್ತಕಗಳನ್ನು, ಬುಡಕಟ್ಟುಗಳ ಇಂದಿನ ಸಂಸ್ಥೆಗಳ ದಾಖಲೆಗಳನ್ನು ಆಶ್ರಯಿಸಬೇಕು. ಅಷ್ಟಾದರೂ ಉತ್ತರ ಸಿಗದಿದ್ದರೆ ಜಾಗವನ್ನು ಖಾಲಿ ಬಿಡುವುದೇ ಸರಿ.

ಅಚ್ಚಾದ ಗ್ರಂಥಗಳಲ್ಲಿ ಸಿಪ್ರಿಯೆನ್ ಟಾಂಗೆಯ ಏಳು ಸಂಪುಟಗಳ ನಿಘಂಟು (1871–1890) ಹಳೆಯದು, ತಪ್ಪುಗಳೂ ಇವೆ. 1730ರವರೆಗಿನ ಕುಟುಂಬಗಳಿಗೆ ರೆನೆ ಜೆಟೆಯ 1983ರ ಗ್ರಂಥ ಹೆಚ್ಚು ನಂಬಿಕೆಗೆ ಅರ್ಹ. ಡೆಟ್ರಾಯಿಟ್ ಭಾಗಕ್ಕೆ ಡೆನಿಸೆನ್‌ನ ಸಂಗ್ರಹವಿದೆ. ಮಾಂಟ್ರಿಯಲ್ ವಿಶ್ವವಿದ್ಯಾಲಯ 1966ರಲ್ಲಿ ಆರಂಭಿಸಿದ ಜನಸಂಖ್ಯಾ ಇತಿಹಾಸ ಯೋಜನೆ ಹಳೆಯ ಚರ್ಚು ದಾಖಲೆಗಳನ್ನೆಲ್ಲ ಒಂದಕ್ಕೊಂದು ಜೋಡಿಸಿದೆ. ಇವೆಲ್ಲ ದಾರಿ ತೋರಿಸುವ ಸೂಚಿಗಳು ಮಾತ್ರ. ಮೂಲ ಪುಟದ ಚಿತ್ರವನ್ನು ಕಣ್ಣಾರೆ ನೋಡಿದ ಮೇಲೆಯೇ ಹೆಸರನ್ನು ವಂಶವೃಕ್ಷಕ್ಕೆ ಸೇರಿಸಬೇಕು.

ಕೊನೆಯ ಹಂತ ಫ್ರಾನ್ಸ್. ವಲಸೆ ಬಂದವನ ಮದುವೆ ದಾಖಲೆಯಲ್ಲಿ ಅವನ ಹುಟ್ಟೂರಿನ ಧರ್ಮಕೇಂದ್ರದ ಹೆಸರು ಇದ್ದರೆ ಆ ಜಿಲ್ಲೆಯ ಪತ್ರಾಗಾರದ ಜಾಲತಾಣದಲ್ಲಿ ಜ್ಞಾನಸ್ನಾನದ ಪುಟ ಹುಡುಕಬಹುದು. 1539ರಿಂದಲೇ ಅಲ್ಲಿ ದಾಖಲಾತಿ ಕಡ್ಡಾಯವಾಗಿತ್ತಾದರೂ ಎಷ್ಟೋ ಊರುಗಳಲ್ಲಿ 17ನೇ ಶತಮಾನದ ಪುಸ್ತಕಗಳು ಉಳಿದಿಲ್ಲ. ಅಂಥ ಕಡೆ ವಸಾಹತಿಗೆ ಬಂದವನ ತಂದೆತಾಯಿಯರ ಹೆಸರಿಗೇ ವಂಶಾವಳಿ ನಿಲ್ಲುತ್ತದೆ.