ಬಡವನ ಅನ್ನಕ್ಕೆ ಒಂದು ಅರ್ಜಿ

ಪವಿತ್ರ ಕುರ್‌ಆನಿನ 107ನೆಯ ಅಧ್ಯಾಯ ‘ಅಲ್ ಮಾಊನ್’. ಏಳೇ ಸೂಕ್ತಗಳ ಈ ಪುಟ್ಟ ಅಧ್ಯಾಯವನ್ನು ನಾವು ನಮಾಝಿನಲ್ಲಿ ಆಗಾಗ ಪಠಿಸುತ್ತೇವೆ. ಧರ್ಮವನ್ನು ಸುಳ್ಳಾಗಿಸುವವನ ಲಕ್ಷಣಗಳನ್ನು ಅದು ತಿಳಿಸುತ್ತದೆ. ಅನಾಥನನ್ನು ದೂಡುವುದು ಅವುಗಳಲ್ಲೊಂದು. ದರಿದ್ರನಿಗೆ ಉಣಿಸಲು ಪ್ರೇರೇಪಿಸದಿರುವುದು ಇನ್ನೊಂದು. ಇಲ್ಲಿ ‘ಉಣಿಸದವನು’ ಎಂದಿಲ್ಲ, ‘ಪ್ರೇರೇಪಿಸದವನು’ ಎಂದಿದೆ. ಉಣಿಸಲು ಕೈಯಲ್ಲಿ ಹಣ ಬೇಕು, ಪ್ರೇರೇಪಿಸಲು ಹಣ ಬೇಡ. ಆದ್ದರಿಂದ ಈ ಹೊಣೆಯಿಂದ ನಮ್ಮಲ್ಲಿ ಯಾರೂ ನುಣುಚಿಕೊಳ್ಳುವಂತಿಲ್ಲ.

ಇಂದು ಈ ಹೊಣೆಯನ್ನು ನಿರ್ವಹಿಸುವ ಒಂದು ದಾರಿ ನಮ್ಮ ಬೀದಿಯ ನ್ಯಾಯಬೆಲೆ ಅಂಗಡಿಯ ಬಾಗಿಲಲ್ಲೇ ಇದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಅರ್ಹ ಕುಟುಂಬದ ಪ್ರತಿಯೊಬ್ಬ ಸದಸ್ಯನಿಗೆ ತಿಂಗಳಿಗೆ 5 ಕಿಲೋ ಧಾನ್ಯವನ್ನು ಹಕ್ಕಾಗಿ ನೀಡಿದೆ. ಕಡುಬಡವರ ಅಂತ್ಯೋದಯ ಚೀಟಿಗೆ ಕುಟುಂಬವೊಂದಕ್ಕೆ 35 ಕಿಲೋ. 2023ರ ಜನವರಿಯಿಂದ ಈ ಧಾನ್ಯ ಉಚಿತ. ಇದು ಯಾರ ಭಿಕ್ಷೆಯೂ ಅಲ್ಲ.

ಆದರೂ ಅರ್ಹರಾದ ಎಷ್ಟೋ ಮಂದಿಗೆ ಪಡಿತರ ಚೀಟಿ ಇಲ್ಲ. ಮದುವೆಯಾಗಿ ಬಂದವಳ ಹೆಸರು ಇನ್ನೂ ತವರಿನ ಚೀಟಿಯಲ್ಲೇ ಉಳಿದಿರುತ್ತದೆ. ಅದನ್ನು ಅಲ್ಲಿಂದ ತೆಗೆಸದೆ ಇಲ್ಲಿ ಸೇರಿಸಲಾಗದೆಂದು ಆಕೆಗೆ ಹೇಳುವವರಿಲ್ಲ. ಬೀಡಿ ಸುತ್ತಿ ಸವೆದ ಬೆರಳಿನ ಗುರುತನ್ನು ಯಂತ್ರ ಹಿಡಿಯುವುದಿಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಆದಾಯ ಪ್ರಮಾಣ ಪತ್ರದಲ್ಲಿ ಇನ್ನೊಂದು. ಓದು ಬಾರದ ವಿಧವೆ ಎರಡು ಸಲ ಕಚೇರಿಗೆ ಅಲೆದು, ಒಂದು ದಿನದ ಕೂಲಿಯನ್ನೂ ಕಳೆದುಕೊಂಡು, ಮೂರನೆಯ ಸಲ ಹೋಗದೆ ಸುಮ್ಮನಾಗುತ್ತಾಳೆ. ಸ್ವಾಭಿಮಾನದಿಂದ ಕೈ ಚಾಚದ ಬಡವರನ್ನು ಅರಿಯದವರು ಸ್ಥಿತಿವಂತರೆಂದೇ ಭಾವಿಸುತ್ತಾರೆಂದು ಅಲ್ ಬಕರ ಅಧ್ಯಾಯದ 273ನೆಯ ಸೂಕ್ತ ಎಚ್ಚರಿಸುತ್ತದೆ. ಅಂಥವರು ನಮ್ಮ ಬಳಿ ಬರಲಾರರು, ನಾವೇ ಹೋಗಬೇಕು.

ಹೋದಾಗ ಏನು ಮಾಡಬೇಕು? ಮನೆಯ ಎಲ್ಲರ ಆಧಾರ್ ಇದೆಯೇ, ಹೆಸರುಗಳು ಹೊಂದುತ್ತವೆಯೇ ಎಂದು ನೋಡಿರಿ. ನಾಡಕಚೇರಿಯಿಂದ ಆದಾಯ ಪ್ರಮಾಣ ಪತ್ರ ಮಾಡಿಸಿರಿ. ಹೊಸ ಚೀಟಿಯ ಅರ್ಜಿಯನ್ನು ಸದಾಕಾಲ ಸ್ವೀಕರಿಸುವುದಿಲ್ಲ. ಯಾವಾಗ ಸ್ವೀಕರಿಸುತ್ತಾರೆಂದು ಕೇಳಿಟ್ಟುಕೊಂಡು ಕಾಗದಗಳನ್ನು ಮೊದಲೇ ಸಿದ್ಧವಾಗಿಡಿರಿ. ಹದಿನೆಂಟು ತುಂಬಿದ ಹಿರಿಯ ಮಹಿಳೆಯೇ ಕಾಯ್ದೆಯ ಪ್ರಕಾರ ಚೀಟಿಯಲ್ಲಿ ಕುಟುಂಬದ ಮುಖ್ಯಸ್ಥೆ ಎಂಬುದನ್ನು ಆಕೆಗೆ ತಿಳಿಸಿರಿ. ಅರ್ಜಿಯ ಸ್ವೀಕೃತಿಯನ್ನು ತಪ್ಪದೆ ಪಡೆಯಿರಿ. ಬೆರಳಚ್ಚು ಹತ್ತದಿದ್ದರೆ ತಾಲೂಕಿನ ಆಹಾರ ಶಾಖೆಗೆ ಜೊತೆಯಲ್ಲೇ ಹೋಗಿ ವಿಚಾರಿಸಿರಿ. ಅನ್ಯಾಯವಾದರೆ ದೂರು ಕೇಳಲು ಜಿಲ್ಲೆಯಲ್ಲಿ ಅಧಿಕಾರಿಯೂ ರಾಜ್ಯದಲ್ಲಿ ಆಹಾರ ಆಯೋಗವೂ ಇರಬೇಕೆಂದು ಅದೇ ಕಾಯ್ದೆ ಹೇಳುತ್ತದೆ.

ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಒಂದು, ಅರ್ಜಿಯಲ್ಲಿ ಸುಳ್ಳು ಬರೆಯಬಾರದು, ಬರೆಸಲೂಬಾರದು. ಸ್ವಂತ ಕಾರಿದ್ದೂ ಆದಾಯ ಮುಚ್ಚಿಟ್ಟು ಬಿಪಿಎಲ್ ಚೀಟಿ ಇಟ್ಟುಕೊಂಡವನು ಬಡವನ ತಟ್ಟೆಗೇ ಕೈ ಹಾಕಿದ್ದಾನೆ. ಆತ ನಮ್ಮ ಬಂಧುವಾಗಿದ್ದರೂ ಅದನ್ನು ಹಿಂದಿರುಗಿಸುವಂತೆ ಹೇಳುವುದು ನಮ್ಮ ಕರ್ತವ್ಯ. ಎರಡು, ಮಾಡಿದ ಉಪಕಾರವನ್ನು ನಾಲ್ಕು ಜನರ ಮುಂದೆ ಆಡಿ ತೋರಿಸಬಾರದು. ಮನನೋಯಿಸಿದ ದಾನ ವ್ಯರ್ಥವಾಗುವುದು. ನೆರೆಮನೆಯವರು ಯಾವ ಧರ್ಮದವರೆಂದೂ ಕೇಳಬೇಕಾಗಿಲ್ಲ. ಹಸಿವಿಗೆ ಆ ಭೇದವಿಲ್ಲ.

ಈಗ ಅಧ್ಯಾಯದ ಕೊನೆಗೆ ಬನ್ನಿರಿ. ‘ಮಾಊನ್’ ಎಂದರೆ ನೆರೆಹೊರೆಯವರು ಪರಸ್ಪರ ಕೊಟ್ಟು ಪಡೆಯುವ ಸಣ್ಣಪುಟ್ಟ ವಸ್ತು. ಪಾತ್ರೆ, ಬಕೆಟ್ಟು, ಉಪ್ಪು ಎಂದು ವ್ಯಾಖ್ಯಾನಕಾರರು ಉದಾಹರಿಸಿದ್ದಾರೆ. ಅದನ್ನೂ ನಿರಾಕರಿಸುವ ನಮಾಝಿಗನನ್ನು ಈ ಅಧ್ಯಾಯ ಖಂಡಿಸುತ್ತದೆ. ಅಕ್ಷರ ಬಲ್ಲ ನಮ್ಮ ಮಕ್ಕಳ ಕೈಯಲ್ಲಿರುವ ಪೆನ್ನು, ಮೊಬೈಲು, ಒಂದು ಗಂಟೆಯ ಬಿಡುವು ಇವೂ ಇಂದಿನ ಮಾಊನ್ ಅಲ್ಲವೇ? ಬರುವ ಶುಕ್ರವಾರ ಜುಮಾ ಮುಗಿಸಿ ಮನೆಗೆ ಮರಳುವಾಗ, ಚೀಟಿಯಿಲ್ಲದ ಒಂದು ಮನೆಯ ಬಾಗಿಲು ತಟ್ಟೋಣ.