ಊರು ಬದಲಿಸುವ ಮೊದಲು ಅದರ ಮಾರ್ಚ್ ತಿಂಗಳು ನೋಡಿ

ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ನಾವು ಗಂಡಹೆಂಡತಿ ಹೋಗಿ ನೆಲೆಸಿದ್ದು 2022ರ ಕೊನೆಯಲ್ಲಿ, ಇಬ್ಬರಿಗೂ ನಿವೃತ್ತಿಯಾದ ಮೇಲೆ. ಕಾರಣ ಎರಡೇ. ಒಂದು, ಬೆಂಗಳೂರಿನ ಗದ್ದಲ, ದೂಳು ನಮ್ಮ ಮನೆಯವರ ಉಬ್ಬಸಕ್ಕೆ ಒಗ್ಗುತ್ತಿರಲಿಲ್ಲ. ಇನ್ನೊಂದು, ನಮ್ಮ ಪಿಂಚಣಿಯಲ್ಲಿ ಅಲ್ಲಿ ಸ್ವಲ್ಪ ಕೈಬಿಚ್ಚಿ ಬದುಕಬಹುದು ಅನ್ನಿಸಿತು. ಈಗ ನಮ್ಮ ಹಾಗೇ ಹೊರಡಬೇಕೆಂದಿರುವ ನೆಂಟರು, ಹಳೆಯ ಸಹೋದ್ಯೋಗಿಗಳು ಫೋನ್ ಮಾಡಿ ಕೇಳುವ ಮೊದಲ ಪ್ರಶ್ನೆ, "ತಿಂಗಳಿಗೆ ಎಷ್ಟಾಗುತ್ತೆ?" ಅದಕ್ಕೆ ಉತ್ತರ ಕೊಡಬಲ್ಲೆ. ಆದರೆ ಅವರು ಕೇಳದೇ ಬಿಡುವ ಸಂಗತಿಗಳೇ ನಮಗೆ ಹೆಚ್ಚು ದುಬಾರಿಯಾದವು. ಅವನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಊರನ್ನು ಅದರ ಕೆಟ್ಟ ತಿಂಗಳಲ್ಲಿ ನೋಡಿ

ಊರು ನೋಡಲು ನಾವು ಹೋಗಿದ್ದು ನವೆಂಬರಿನಲ್ಲಿ. ಮಳೆ ನಿಂತು ಆಕಾಶ ತೊಳೆದಿಟ್ಟ ಹಾಗಿತ್ತು. ಬೆಳಗ್ಗೆ ಶಾಲು ಹೊದೆಯುವಷ್ಟು ಚಳಿ, ಪಶ್ಚಿಮಕ್ಕೆ ಹಸಿರು ಗುಡ್ಡ, ಅದರ ಮೇಲೆ ದೋಯ್ ಸುತೇಪ್ ದೇವಾಲಯದ ಬಂಗಾರದ ಸ್ತೂಪ. ಹುಣ್ಣಿಮೆಗೆ ಪಿಂಗ್ ನದಿಯಲ್ಲಿ ದೀಪ ತೇಲಿಬಿಡುವ ಹಬ್ಬವೂ ಆಯಿತು. ಇನ್ನೇನು ಬೇಕು ಅಂದುಕೊಂಡು ವರ್ಷದ ಬಾಡಿಗೆ ಕರಾರಿಗೆ ಸಹಿ ಹಾಕಿಬಿಟ್ಟೆವು.

ಫೆಬ್ರುವರಿ ಕಳೆಯುವಷ್ಟರಲ್ಲಿ ಆ ಗುಡ್ಡವೇ ಕಾಣದಾಯಿತು. ಚಿಯಾಂಗ್ ಮಾಯ್ ಬೆಟ್ಟಗಳ ನಡುವಿನ ಬಟ್ಟಲಿನಂಥ ಕಣಿವೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಸುತ್ತಲ ಕಾಡುಗಳಿಗೆ ಬೆಂಕಿ ಬೀಳುತ್ತದೆ, ಕೊಯ್ಲು ಮುಗಿದ ಮೆಕ್ಕೆಜೋಳ, ಭತ್ತದ ಕೂಳೆ ಸುಡುತ್ತಾರೆ, ಗಡಿಯಾಚೆಯ ಮ್ಯಾನ್ಮಾರಿನ ಹೊಗೆಯೂ ಬಂದು ಸೇರುತ್ತದೆ. ಗಾಳಿ ಆಡುವುದಿಲ್ಲ. ಮೇಲೆ ಬೆಚ್ಚನೆಯ ಗಾಳಿಯ ಪದರ ಮುಚ್ಚಳದ ಹಾಗೆ ಕೂತು ಹೊಗೆಯನ್ನು ಕೆಳಗೇ ಹಿಡಿದಿಡುತ್ತದೆ. ಉಸಿರಿಗೆ ಸೇರುವ ಸೂಕ್ಷ್ಮ ಕಣ, ಅಂದರೆ ಪಿಎಂ 2.5, ದಿನದ ಸರಾಸರಿಯಲ್ಲಿ ಘನಮೀಟರಿಗೆ 15 ಮೈಕ್ರೋಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಮಾರ್ಚಿನಲ್ಲಿ ನಮ್ಮ ಫೋನು ತೋರಿಸುತ್ತಿದ್ದ ಅಂಕಿ ನೂರರ ಮೇಲೆಯೇ ಇರುತ್ತಿತ್ತು. ಜಗತ್ತಿನ ಅತಿ ಮಲಿನ ನಗರಗಳ ದಿನದ ಪಟ್ಟಿಯಲ್ಲಿ ಚಿಯಾಂಗ್ ಮಾಯ್ ಮೊದಲ ಸ್ಥಾನಕ್ಕೆ ಬಂದ ದಿನಗಳೂ ಇದ್ದವು. ಶ್ವಾಸಕ್ಕೆ ಒಳ್ಳೆಯದೆಂದು ಕರೆತಂದ ನಮ್ಮವರು ಕಿಟಕಿಯ ಸಂದಿಗಳಿಗೆ ಟೇಪು ಅಂಟಿಸಿದ ಕೋಣೆಯಲ್ಲಿ, ಗಾಳಿ ಶುದ್ಧ ಮಾಡುವ ಯಂತ್ರದ ಪಕ್ಕ ಕೂತು ಇನ್‌ಹೇಲರ್ ಎಳೆಯುವಂತಾಯಿತು. ಹವಾಮಾನದ ಬಗ್ಗೆ ನಾನು ಓದಿದ್ದೆ. ಮಳೆ, ಚಳಿ, ಸೆಖೆ ಎಲ್ಲ ಬರೆದುಕೊಂಡಿದ್ದೆ. ಹೊಗೆಯ ವಿಷಯ ಒಂದೆರಡು ಕಡೆ ಕಂಡಾಗ, ಬೆಂಗಳೂರಿನಲ್ಲಿ ಇಲ್ಲದ್ದೇ ಎಂದು ಹಾದುಹೋಗಿದ್ದೆ.

ಬೆಂಕಿ ಹಚ್ಚುವ ರೈತರನ್ನು ಬಯ್ಯುವುದು ಸುಲಭ. ಗುಡ್ಡದ ಇಳಿಜಾರಿನಲ್ಲಿ ಪಶು ಆಹಾರಕ್ಕೆಂದು ಮೆಕ್ಕೆಜೋಳ ಬೆಳೆಯುವ ಬಡ ಕುಟುಂಬಕ್ಕೆ ಕೂಳೆ ತೆಗೆಯಲು ಯಂತ್ರವೂ ಇಲ್ಲ, ಹಣವೂ ಇಲ್ಲ. ಊರಿನವರೂ ಸುಮ್ಮನೆ ಕೂತಿಲ್ಲ. ಅವರು ಸರ್ಕಾರದ ಮೇಲೆ ಹೂಡಿದ ದಾವೆಯಲ್ಲಿ, 90 ದಿನದೊಳಗೆ ಹೊಗೆ ತಡೆಯುವ ತುರ್ತು ಯೋಜನೆ ಸಿದ್ಧಪಡಿಸಬೇಕೆಂದು ಚಿಯಾಂಗ್ ಮಾಯ್‌ನ ಆಡಳಿತ ನ್ಯಾಯಾಲಯ 2024ರ ಜನವರಿಯಲ್ಲಿ ಆದೇಶ ಕೊಟ್ಟಿತು. ನಾವಾದರೆ ಆ ತಿಂಗಳುಗಳಲ್ಲಿ ಊರು ಬಿಟ್ಟು ಬರಬಲ್ಲೆವು. ಅಲ್ಲಿ ತಳ್ಳುಗಾಡಿ ಇಟ್ಟವರು, ಶಾಲೆಗೆ ಹೋಗುವ ಮಕ್ಕಳು ಎಲ್ಲಿಗೆ ಹೋಗಬೇಕು?

ಈಗ ಕೇಳಿದವರಿಗೆಲ್ಲ ನಾನು ಹೇಳುವುದು ಇಷ್ಟು: ನಿಮಗೆ ಇಷ್ಟವಾದ ಊರಿನ ಅತ್ಯಂತ ಕಷ್ಟದ ತಿಂಗಳು ಯಾವುದೆಂದು ಅಲ್ಲಿನವರನ್ನೇ ಕೇಳಿ, ಆ ತಿಂಗಳು ಹೋಗಿ ಬಾಡಿಗೆಗೆ ಇದ್ದು ನೋಡಿ. ಚಿಯಾಂಗ್ ಮಾಯ್‌ಗೆ ಮಾರ್ಚ್. ಬೇರೆ ಊರಿಗೆ ಮಳೆಗಾಲ ಇರಬಹುದು, ಹಿಮಗಾಲ ಇರಬಹುದು, ಪ್ರವಾಸಿಗಳು ಮುತ್ತುವ ರಜೆ ಇರಬಹುದು. ಅದನ್ನು ತಡೆದುಕೊಳ್ಳಬಹುದು ಅನ್ನಿಸಿದರೆ ಉಳಿದ ತಿಂಗಳುಗಳ ಚಿಂತೆ ಬೇಡ.

2. ತಿಂಗಳ ಲೆಕ್ಕ ಸಾಲದು, ವರ್ಷದ ಲೆಕ್ಕ ಹಾಕಿ

ನಮ್ಮ ಒಂದು ಮಲಗುವ ಕೋಣೆಯ ಮನೆಗೆ ತಿಂಗಳಿಗೆ 12,000 ಬಾತ್ ಬಾಡಿಗೆ. ಹೋದ ಹೊಸದರಲ್ಲಿ ಒಂದು ಬಾತ್‌ಗೆ ಹೆಚ್ಚುಕಡಿಮೆ 2 ರೂಪಾಯಿ 40 ಪೈಸೆ, ಅಂದರೆ 28,800 ರೂಪಾಯಿ. 2025ರಲ್ಲಿ ಬಾತ್ 2 ರೂಪಾಯಿ 60 ಪೈಸೆ ದಾಟಿತು. ಮನೆಯ ಒಡತಿ ಒಂದು ಬಾತ್ ಏರಿಸದೆಯೂ ಬಾಡಿಗೆ 31,200 ಮೀರಿತು. ಪಿಂಚಣಿ ರೂಪಾಯಿಯಲ್ಲಿ, ಖರ್ಚು ಬಾತ್‌ನಲ್ಲಿ. ಈ ಅಂತರವನ್ನು ನಾನು ಲೆಕ್ಕದಲ್ಲಿ ಇಟ್ಟಿರಲಿಲ್ಲ. ಕರೆಂಟಿನದೂ ಹಾಗೆಯೇ. ಸರ್ಕಾರಿ ದರ ಒಂದಿರುತ್ತದೆ, ಕೆಲವು ಕಟ್ಟಡಗಳಲ್ಲಿ ಮಾಲೀಕರು ಯೂನಿಟ್ಟಿಗೆ ತಮ್ಮದೇ ಹೆಚ್ಚಿನ ದರ ಹಾಕುತ್ತಾರೆ. ಕರಾರಿಗೆ ಮೊದಲು ಕೇಳಬೇಕಾದ ಮಾತು ಅದು. ಏಪ್ರಿಲಿನಲ್ಲಿ ಬಿಸಿಲು 40 ಡಿಗ್ರಿ ಮುಟ್ಟಿ ಏಸಿ ಹಗಲುರಾತ್ರಿ ಓಡುವಾಗ ಆ ವ್ಯತ್ಯಾಸ ಗೊತ್ತಾಗುತ್ತದೆ.

ಇದರ ಮೇಲೆ, ಹೊಗೆಯ ತಿಂಗಳುಗಳಲ್ಲಿ ಊರಿಗೆ ಬರುವ ವಿಮಾನದ ಖರ್ಚು, ಖಾಲಿ ಮನೆಗೂ ಕಟ್ಟುವ ಬಾಡಿಗೆ. ಬೆಂಗಳೂರಿನ ನಮ್ಮ ಫ್ಲ್ಯಾಟಿನ ಬಾಡಿಗೆಯಲ್ಲಿ ಅಲ್ಲಿನದು ಸರಿಹೋಗುತ್ತದೆ ಎಂದುಕೊಂಡಿದ್ದೆವು. ಅನಿವಾಸಿಗಳಾದ ಮೇಲೆ ನಮಗೆ ಕೊಡುವ ಬಾಡಿಗೆಯಲ್ಲಿ ಶೇ 30ರಷ್ಟು ತೆರಿಗೆಯನ್ನು, ಸೆಸ್ ಬೇರೆ, ಬಾಡಿಗೆದಾರರೇ ಮುರಿದು ಕಟ್ಟಬೇಕಾಗುತ್ತದೆ. ರಿಟರ್ನ್ ಸಲ್ಲಿಸಿ ಹೆಚ್ಚಿನದನ್ನು ವಾಪಸ್ ಪಡೆಯಬಹುದು, ಆದರೆ ತಿಂಗಳು ತಿಂಗಳು ಕೈಗೆ ಬರುವುದು ಕಡಿಮೆಯೇ. ನಮ್ಮ ಬಾಡಿಗೆದಾರರು ಸಂಭಾವಿತರು. ಈ ನಿಯಮ ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಹೊರಡುವ ಮೊದಲು ಒಬ್ಬ ಲೆಕ್ಕಪರಿಶೋಧಕರ ಹತ್ತಿರ ಅರ್ಧ ದಿನ ಕೂರುವುದು ಒಳ್ಳೆಯದು.

ಹೀಗೆಲ್ಲ ಆದರೂ ಬೆಂಗಳೂರಿನ ಖರ್ಚಿಗಿಂತ ಸ್ವಲ್ಪ ಕಡಿಮೆಯಲ್ಲೇ ಇದ್ದೇವೆ. ಅಂದುಕೊಂಡಷ್ಟು ಕಡಿಮೆಯಲ್ಲಿ ಅಲ್ಲ.

3. ವಿಮೆಯ ಪತ್ರದ ಕೊನೆಯ ಪುಟ ಮೊದಲು ಓದಿ

ನಿವೃತ್ತರಿಗೆ ಅಲ್ಲಿ ಇರಲು ಒಂದಕ್ಕಿಂತ ಹೆಚ್ಚು ಬಗೆಯ ವೀಸಾ ಇದೆ. ಒಂದಕ್ಕೆ ಆರೋಗ್ಯ ವಿಮೆ ಕಡ್ಡಾಯ. ನಾವು ಆರಿಸಿಕೊಂಡಿದ್ದಕ್ಕೆ ಕಡ್ಡಾಯವಿರಲಿಲ್ಲ. ಕಡ್ಡಾಯವಿಲ್ಲ ಎಂದರೆ ಬೇಕಿಲ್ಲ ಎಂದು ಅರ್ಥ ಮಾಡಿಕೊಂಡಿದ್ದು ನಮ್ಮ ದೊಡ್ಡ ತಪ್ಪು. ಊರಿನಲ್ಲಿ ವರ್ಷಗಟ್ಟಲೆ ಕಂತು ಕಟ್ಟಿದ ಪಾಲಿಸಿ ಇತ್ತಲ್ಲ ಎಂಬ ಧೈರ್ಯ. ಅದು ಭಾರತದೊಳಗಿನ ಆಸ್ಪತ್ರೆಗಳಿಗೆ ಮಾತ್ರ ಎಂದು ಪತ್ರದ ಕೊನೆಯ ಪುಟದಲ್ಲಿ ಇತ್ತು. ಅಲ್ಲಿಯೇ ಹೊಸ ವಿಮೆ ಮಾಡಿಸಲು ಹೋದರೆ ಅರವತ್ತು ದಾಟಿದವರಿಗೆ ಕಂತು ವಿಪರೀತ, ಮೊದಲೇ ಇರುವ ಉಬ್ಬಸ, ರಕ್ತದೊತ್ತಡ ಅದಕ್ಕೆ ಸೇರುವುದಿಲ್ಲ.

ವಿಶ್ವವಿದ್ಯಾಲಯಕ್ಕೆ ಸೇರಿದ ಮಹಾರಾಜ್ ನಕೋರ್ನ್ ಸರ್ಕಾರಿ ಆಸ್ಪತ್ರೆ ಆ ಊರಿನಲ್ಲಿದೆ. ಊರಿನವರು ಸುವಾನ್ ದೋಕ್ ಎನ್ನುತ್ತಾರೆ. ಕಾಯಬೇಕಾಗುತ್ತದೆ, ಥಾಯ್ ಬಲ್ಲವರೊಬ್ಬರು ಜೊತೆಗಿದ್ದರೆ ಅನುಕೂಲ. ಖಾಸಗಿ ಆಸ್ಪತ್ರೆಗಳ ಶುಚಿತ್ವ, ಮರ್ಯಾದೆ ನೋಡಿದರೆ ಮನಸ್ಸು ತುಂಬುತ್ತದೆ. ಬಿಲ್ಲು ನೋಡಿದರೆ ಆ ಸಮಾಧಾನ ಉಳಿಯುವುದಿಲ್ಲ. ಈಗ ನಾವು ಎರಡು ಏರ್ಪಾಡು ಮಾಡಿಕೊಂಡಿದ್ದೇವೆ. ಅಪಘಾತ ಮತ್ತು ತುರ್ತು ಚಿಕಿತ್ಸೆಗೆ ಅಲ್ಲಿನ ವಿಮೆ. ಕಾದು ಮಾಡಿಸಬಹುದಾದ್ದೆಲ್ಲ, ಕಣ್ಣಿನ ಪೊರೆ, ಹಲ್ಲು, ವರ್ಷದ ತಪಾಸಣೆ, ಊರಿನ ಪಾಲಿಸಿಯಲ್ಲಿ.

ಸ್ಕೂಟರ್ ಬಗ್ಗೆಯೂ ಒಂದು ಮಾತು. ಪಾಸ್‌ಪೋರ್ಟ್ ತೋರಿಸಿದರೆ ಬಾಡಿಗೆಗೆ ಕೊಡುತ್ತಾರೆ, ಬೆಟ್ಟದ ದಾರಿ ಕರೆಯುತ್ತದೆ. ರಸ್ತೆ ಸಾವಿನಲ್ಲಿ ಥಾಯ್ಲೆಂಡಿನ ದಾಖಲೆ ಏಷ್ಯಾದಲ್ಲೇ ಕೆಟ್ಟವುಗಳಲ್ಲೊಂದು, ಸಾಯುವವರಲ್ಲಿ ಹೆಚ್ಚಿನವರು ದ್ವಿಚಕ್ರದವರು. ದ್ವಿಚಕ್ರ ವಾಹನಕ್ಕೆ ಅಲ್ಲಿ ಮಾನ್ಯವಾಗುವ ಪರವಾನಗಿ ಇಲ್ಲದೆ ಬಿದ್ದರೆ ವಿಮೆ ಕೈಬಿಡುತ್ತದೆ. ನಾವು ಕೆಂಪು ಬಣ್ಣದ ಹಂಚಿಕೆ ಟ್ಯಾಕ್ಸಿಯಲ್ಲೇ ಓಡಾಡುತ್ತೇವೆ.

4. ಅಲ್ಲಿ ಬೆಳೆಯುವುದನ್ನು ತಿನ್ನಿ

ಮೊದಲ ಸಲ ಹೊರಟಾಗ ಪೆಟ್ಟಿಗೆಯ ಅರ್ಧ ತೊಗರಿಬೇಳೆ, ಹುಳಿಪುಡಿ, ಕಾಫಿಪುಡಿ. ಮುಗಿದ ಮೇಲೆ ಅವನ್ನೇ ಭಾರತೀಯ ಅಂಗಡಿಯಲ್ಲಿ ದುಪ್ಪಟ್ಟು ಕೊಟ್ಟು ತಂದೆವು. ಕಡೆಗೆ ಒಂದು ಬೆಳಗ್ಗೆ ವರೋರೋತ್ ಮಾರುಕಟ್ಟೆಯಲ್ಲಿ ನಿಧಾನವಾಗಿ ನಡೆದು ನೋಡಿದರೆ ನನ್ನ ತವರು ಕಾರ್ಕಳದ ಅಡುಗೆಮನೆಯೇ ಅಲ್ಲಿತ್ತು: ಬಾಳೆಹೂವು, ಎಳೆ ಹಲಸು, ಅಲಸಂದೆ, ನುಗ್ಗೆ, ಹುಣಸೆ, ಕಣ್ಣೆದುರೇ ತುರಿದುಕೊಡುವ ತೆಂಗಿನಕಾಯಿ. ಅಂದಿನಿಂದ ಅಡುಗೆ ಖರ್ಚು ಇಳಿಯಿತು, ಊಟವೂ ಹಗುರಾಯಿತು.

ಸಸ್ಯಾಹಾರಿಗಳಿಗೆ ಹೊರಗಿನ ಊಟ ಸುಲಭವಲ್ಲ. ಬರೀ ತರಕಾರಿಯಂತೆ ಕಾಣುವ ಪಲ್ಯದಲ್ಲೂ ಮೀನಿನ ಸಾಸ್ ಇರುತ್ತದೆ, ಚಟ್ನಿಯಲ್ಲಿ ಸಿಗಡಿಯ ಪೇಸ್ಟ್. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಬರೆದ "ಜೇ" ಅಂಗಡಿಗಳಲ್ಲಿ ಮಾಂಸ, ಮೀನು ಯಾವುದೂ ಇರುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿ ಸಹ. ಮನೆಯ ಹತ್ತಿರ ಅಂಥದ್ದೊಂದು ಇದೆಯೇ ಎಂದು ಬಾಡಿಗೆ ಹಿಡಿಯುವ ಮೊದಲೇ ನೋಡಿಕೊಳ್ಳಿ.

5. ಭಾರತದ ಮೊಬೈಲ್ ನಂಬರ್ ಸಾಯಲು ಬಿಡಬೇಡಿ

ಬ್ಯಾಂಕ್, ಆದಾಯ ತೆರಿಗೆ, ಆಧಾರ್ ಎಲ್ಲದರ ಒಟಿಪಿ ಬರುವುದು ಅದಕ್ಕೇ. ರೀಚಾರ್ಜ್ ತಪ್ಪಿದರೆ ನಂಬರ್ ನಿಲ್ಲುತ್ತದೆ, ಮುಂದೆ ಬೇರೆಯವರ ಪಾಲಾಗಬಹುದು. ರೋಮಿಂಗ್‌ನಲ್ಲಿ ಸಂದೇಶ ಬರುವುದನ್ನು ಹೊರಡುವ ಮೊದಲೇ ಖಚಿತಪಡಿಸಿಕೊಳ್ಳಿ. ಉಳಿತಾಯ ಖಾತೆಯನ್ನು ಅನಿವಾಸಿ ಖಾತೆಯಾಗಿ ಬದಲಿಸುವುದು, ನವೆಂಬರಿನ ಜೀವಂತ ಪ್ರಮಾಣಪತ್ರ, ಇವೆರಡನ್ನೂ ಮರೆಯಬಾರದು.

6. ಹೊರಗೆ ಕಾಲಿಡುವ ಮೊದಲು ವಾಪಸಾಗುವ ಅನುಮತಿ

ಐವತ್ತು ದಾಟಿದವರಿಗೆ ಸಿಗುವ ನಿವೃತ್ತಿ ಅನುಮತಿ ವರ್ಷದ್ದು. ನಾವು ಮಾಡಿದ ದಾರಿಯಲ್ಲಿ 8 ಲಕ್ಷ ಬಾತ್ ಅಲ್ಲಿನ ಬ್ಯಾಂಕಿನಲ್ಲಿ ಇಡಬೇಕು. ಅರ್ಜಿಗೆ ಎರಡು ತಿಂಗಳು ಮೊದಲಿನಿಂದ, ಮೂರು ತಿಂಗಳ ನಂತರದವರೆಗೂ ಮುಟ್ಟುವಂತಿಲ್ಲ, ಉಳಿದ ಕಾಲ 4 ಲಕ್ಷಕ್ಕಿಂತ ಇಳಿಯುವಂತಿಲ್ಲ. ಪ್ರತಿ 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. ಇವನ್ನೆಲ್ಲ ಶಿಸ್ತಿನಿಂದ ಮಾಡಿದ್ದೆವು.

ಒಂದು ರಾತ್ರಿ ತಮ್ಮನ ಫೋನು. "ಅಕ್ಕಾ, ಅಮ್ಮನನ್ನು ಮಣಿಪಾಲಕ್ಕೆ ಸೇರಿಸಿದ್ದೇವೆ, ನೀನು ಹೊರಟುಬಿಡು" ಎಂದ. ಸಿಕ್ಕ ವಿಮಾನ ಹಿಡಿದು ಬ್ಯಾಂಕಾಕ್ ಮೂಲಕ ಇಬ್ಬರೂ ಹೊರಟೆವು. ದೇಶ ಬಿಡುವ ಮೊದಲು ಮರುಪ್ರವೇಶದ ಪರವಾನಗಿ ಪಡೆಯದಿದ್ದರೆ ವರ್ಷದ ಅನುಮತಿ ಆ ಕ್ಷಣವೇ ರದ್ದಾಗುತ್ತದೆ ಎಂಬುದು ತಲೆಯಲ್ಲೇ ಇರಲಿಲ್ಲ. ಒಂದು ಸಲಕ್ಕೆ 1,000 ಬಾತ್, ವರ್ಷವಿಡೀ ಎಷ್ಟು ಸಲವಾದರೂ ಎಂದರೆ 3,800 ಬಾತ್. ಅಷ್ಟೇ ಇದ್ದದ್ದು. ಅಮ್ಮ ಉಳಿಯಲಿಲ್ಲ. ಕಾರ್ಯಗಳನ್ನೆಲ್ಲ ಮುಗಿಸಿ ಮರಳಿದಾಗ ವಲಸೆ ಅಧಿಕಾರಿ ಸಹಾನುಭೂತಿಯಿಂದಲೇ ಹೇಳಿದರು, ಎಲ್ಲವನ್ನೂ ಮೊದಲಿನಿಂದ ಮಾಡಬೇಕು ಎಂದು. ಅರ್ಜಿ, ಫೋಟೋ, ಬ್ಯಾಂಕಿನ ಪತ್ರ, ಮನೆಯ ಒಡತಿಯ ಸಹಿ. ದುಃಖದ ನಡುವೆ ಆ ಸಾಲುಗಳಲ್ಲಿ ನಿಲ್ಲುವುದು ನನಗೆ ಬಹಳ ಭಾರವಾಯಿತು.

ವಯಸ್ಸಾದ ತಂದೆತಾಯಿ ಊರಿನಲ್ಲಿದ್ದರೆ ವರ್ಷದ ಅನುಮತಿ ಸಿಕ್ಕ ದಿನವೇ, ಅದೇ ಕಚೇರಿಯಲ್ಲೇ, 3,800 ಬಾತ್ ಕಟ್ಟಿಬಿಡಿ. ಹೋಗುವ ಮುನ್ನ ಇನ್ನೂ ಒಂದನ್ನು ಕೇಳಿಕೊಳ್ಳಿ: ರಾತ್ರಿ ಫೋನು ಬಂದರೆ ಎಷ್ಟು ಹೊತ್ತಿನಲ್ಲಿ ಮನೆ ಮುಟ್ಟಬಲ್ಲೆ? ನಮಗೆ ಅದು ಮರುದಿನ ಸಂಜೆ. ಅಷ್ಟು ದೂರ ನಿಮ್ಮ ಮನಸ್ಸು ಒಪ್ಪುತ್ತದೆಯೇ ಎಂಬುದನ್ನು ಬೇರೆ ಯಾರೂ ಹೇಳಲಾರರು.

7. ಆರೋಗ್ಯ ಬಂದದ್ದು ಎಲ್ಲಿಂದ ಎಂದು ಪ್ರಾಮಾಣಿಕವಾಗಿ ನೋಡಿ

ಹೊಗೆಯ ತಿಂಗಳು ಬಿಟ್ಟರೆ ನಮ್ಮಿಬ್ಬರ ಆರೋಗ್ಯ ಸುಧಾರಿಸಿದ್ದು ನಿಜ. ನನ್ನ ಸಕ್ಕರೆ ಹತೋಟಿಗೆ ಬಂತು, ನಿದ್ದೆ ಮರಳಿತು. ದಿನಾ ಬೆಳಗ್ಗೆ ವಿಶ್ವವಿದ್ಯಾಲಯದ ಆಂಗ್ ಕೇವ್ ಕೆರೆಯ ಸುತ್ತ ನಡೆಯುತ್ತೇವೆ, ಸಂಜೆ ಏಳಕ್ಕೆ ಊಟ ಮುಗಿಯುತ್ತದೆ, ಹಾರ್ನ್ ಕೇಳುವುದೇ ಅಪರೂಪ. ಪಕ್ಕದ ಮನೆಯಾಕೆ, ನಾವು ಪಿ ಎಂದು ಕರೆಯುವ ಅಕ್ಕ, ಏಪ್ರಿಲ್ ಮಧ್ಯದ ಸೋಂಗ್‌ಕ್ರಾನ್ ಹೊಸವರ್ಷಕ್ಕೆ ನಮ್ಮನ್ನು ಕರೆದು ಹಿರಿಯರ ಕೈಗೆ ಪರಿಮಳದ ನೀರು ಹಾಕಿಸಿದರು. ನಮ್ಮ ಕಡೆ ಬಿಸು ಹಬ್ಬಕ್ಕೆ ಕಣಿ ಇಟ್ಟು ಹಿರಿಯರ ಕಾಲಿಗೆ ಬೀಳುವುದೂ ಅದೇ ದಿನಗಳಲ್ಲಿ ಎಂದಾಗ ಅವರಿಗೆ ಬಹಳ ಸಂತೋಷವಾಯಿತು. ಈ ಸ್ನೇಹಕ್ಕೂ ಆರೋಗ್ಯದಲ್ಲಿ ಪಾಲಿದೆ ಎಂದೇ ನಂಬಿದ್ದೇನೆ.

ಆದರೂ ಇದರಲ್ಲಿ ಅರ್ಧದಷ್ಟು ಕಾರ್ಕಳದಲ್ಲೇ ಆಗಬಹುದಿತ್ತು. ನಿವೃತ್ತಿಯ ಬಿಡುವು, ನಡಿಗೆ, ಹೊತ್ತಿಗೆ ಸರಿಯಾದ ಊಟ, ಇವಕ್ಕೆ ವೀಸಾ ಬೇಕಿರಲಿಲ್ಲ. ಆರೋಗ್ಯವೊಂದೇ ಕಾರಣವಾದರೆ ಮೊದಲು ಆರು ತಿಂಗಳು ನಿಮ್ಮದೇ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಇದ್ದು ನೋಡಿ.

8. ಒಬ್ಬರೇ ಉಳಿದರೆ ಏನು ಎಂಬುದನ್ನು ಇಬ್ಬರೂ ಇರುವಾಗ ಮಾತಾಡಿ

ಇದನ್ನು ನಾವು ಬಹಳ ದಿನ ಮುಂದೂಡಿದೆವು. ಅಲ್ಲಿನ ಖಾತೆ ನಮ್ಮ ಮನೆಯವರ ಹೆಸರಿನಲ್ಲಿದೆ, ನನ್ನ ಅನುಮತಿ ಅವರ ಅನುಮತಿಯನ್ನು ಅವಲಂಬಿಸಿದೆ. ಅವರಿಗೆ ಏನಾದರೂ ಆದರೆ ಖಾತೆ ನಿಲ್ಲುತ್ತದೆ. ಹಣ ಬಿಡಿಸಲು ಥಾಯ್ ನ್ಯಾಯಾಲಯ ಆಸ್ತಿಯ ಆಡಳಿತಗಾರರನ್ನು ನೇಮಿಸಬೇಕು, ನಾನು ಅಲ್ಲಿ ಇರಲು ನನ್ನದೇ ಅನುಮತಿ ಪಡೆಯಬೇಕು. ಅಮ್ಮ ಹೋದ ಮೇಲೆ ಧೈರ್ಯ ಮಾಡಿ ಕೂತು ಮಾತಾಡಿದೆವು. ಅಲ್ಲಿನ ಆಸ್ತಿಗೆ ಥಾಯ್ ಭಾಷೆಯಲ್ಲಿ ಉಯಿಲು, ಇಲ್ಲಿಯದಕ್ಕೆ ಬೇರೆ. ನನ್ನ ಹೆಸರಿನಲ್ಲೊಂದು ಸಣ್ಣ ಖಾತೆ. ಬೆಂಗಳೂರಿನ ಫ್ಲ್ಯಾಟು ಮಾರಬೇಕೆಂಬ ಯೋಚನೆಯನ್ನು ಕೈಬಿಟ್ಟೆವು, ಒಬ್ಬರೇ ಉಳಿದವರಿಗೆ ಅದು ಬೇಕಾಗುತ್ತದೆ.

ನಾನೊಬ್ಬಳೇ ಉಳಿದರೆ ವಾಪಸ್ ಬರುತ್ತೇನೆ, ಅವರೊಬ್ಬರೇ ಉಳಿದರೆ ಅಲ್ಲಿಯೇ ಇರುತ್ತಾರಂತೆ. ಮಗಳಿಗೆ ಎರಡನ್ನೂ ಬರೆದು ಕೊಟ್ಟಿದ್ದೇವೆ. ಅಪ್ಪನ ನಿರ್ಧಾರವನ್ನು ಅವಳು ಇನ್ನೂ ಒಪ್ಪಿಲ್ಲ.